ವಿಶ್ರಾಂತಿ ಯಾರದ್ದು? ಬದಿಯಡ್ಕದ ಕಡೆಯ ಒಂದು ಪೈಲಟ್ ಮನೆಯ ಪ್ರಕರಣ

ಬದಿಯಡ್ಕ ಪೇಟೆಯಿಂದ ಒಳಗೆ ಹೋದರೆ ಸಿಗುವ ಒಂದು ಅಡಿಕೆ ತೋಟದ ಮನೆ. ಅಪ್ಪನಿಗೆ ಎಪ್ಪತ್ತರ ಹತ್ತಿರ, ಮೊಣಕಾಲು ನೋವು. ಅಮ್ಮನಿಗೆ ಬಿಪಿ. ಒಬ್ಬನೇ ಮಗ, ವಿಮಾನ ಕಂಪೆನಿಯೊಂದರಲ್ಲಿ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಏರ್‌ಬಸ್ 320 ಹಾರಿಸುತ್ತಾನೆ, ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ಮುಂಬೈ. ಸೊಸೆ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಅತ್ತೆ ಮಾವನ ಜತೆ ಊರಲ್ಲೇ ಇದ್ದಾಳೆ.

ಆಕೆ ಮುಂಬೈಗೆ ಯಾಕೆ ಹೋಗಲಿಲ್ಲ ಎಂದು ನೆಂಟರು ಕೇಳುವುದುಂಟು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡದಲ್ಲಿ ಕಲಿತು ಕನ್ನಡದಲ್ಲೇ ಕಲಿಸುವ ಸರಕಾರಿ ಸಂಬಳದ ಕೆಲಸ ಎಂದರೆ ಅದಕ್ಕೆ ಬೇರೆಯೇ ಬೆಲೆ. ಕೇರಳದಲ್ಲಿ ಅಂಥ ಹುದ್ದೆಗಳು ಇರುವುದೇ ಈ ಒಂದು ಜಿಲ್ಲೆಯಲ್ಲಿ. ಬಿಟ್ಟರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಗಂಡನ ಕೆಲಸ ಎಲ್ಲಿಗೆ ಎಳೆದರೂ ಮನೆ ಇರುವುದು ಇಲ್ಲೇ ಎಂಬುದು ಮದುವೆಯ ಮೊದಲೇ ಒಪ್ಪಿಕೊಂಡ ಮಾತು.

ಮನೆಯವರ ಒಪ್ಪಿಗೆಯಿಂದ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಕುಂಬಳೆಯವನು. ದುಡಿದದ್ದು ವಿಮಾನ ಕಂಪೆನಿಯ ಕ್ರೂ ಶೆಡ್ಯೂಲಿಂಗ್ ವಿಭಾಗದಲ್ಲಿ, ಅಂದರೆ ಪೈಲಟ್‌ಗಳಿಗೆ ಹೊತ್ತಲ್ಲದ ಹೊತ್ತಿಗೆ ಫೋನ್ ಮಾಡಿ "ನಾಳೆಯ ಡ್ಯೂಟಿ ಬದಲಾಗಿದೆ" ಎಂದು ಹೇಳುವವರ ಪೈಕಿ. ನನ್ನ ಮಾತಿನಲ್ಲಿ ಅಲ್ಲಲ್ಲಿ ಆಫೀಸಿನ ವಾಸನೆ ಬಂದರೆ ಕಾರಣ ಅದು.

ನಿಯಮ ಬದಲಾದ ತಿಂಗಳು

ಪೈಲಟ್‌ಗಳ ದುಡಿಮೆಯ ಗಂಟೆಗಳನ್ನು ಕಂಪೆನಿ ತನ್ನಿಷ್ಟಕ್ಕೆ ನಿಗದಿ ಮಾಡುವ ಹಾಗಿಲ್ಲ. ವಾರಕ್ಕೆ 35 ಗಂಟೆ, ವರ್ಷಕ್ಕೆ 1000 ಗಂಟೆ ಮೀರಿ ಹಾರಿಸಬಾರದು ಎಂಬಂಥ ಮಿತಿಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ, ಹಾಕಿಕೊಟ್ಟಿದೆ. 2024ರ ಜನವರಿಯಲ್ಲಿ ಈ ನಿಯಮಗಳನ್ನು ಪರಿಷ್ಕರಿಸಿದರು. ವಾರಕ್ಕೊಮ್ಮೆ ಕಡ್ಡಾಯವಾಗಿ ಕೊಡಬೇಕಾದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ಕಂಪೆನಿಗಳ ಎಳೆದಾಟ, ದೆಹಲಿ ಹೈಕೋರ್ಟಿನ ಕಲಾಪ ಎಲ್ಲ ಮುಗಿದು ಅದು ಜಾರಿಗೆ ಬಂದದ್ದು 2025ರ ಜುಲೈ 1ರಿಂದ. ರಾತ್ರಿ ಹಾರಾಟದ ಬಿಗಿ ನಿಯಮಗಳು ನವೆಂಬರ್ 1ರಿಂದ ಬಂದವು.

36 ಗಂಟೆ ಇದ್ದಾಗ ಈ ಹುಡುಗ ಬರೀ ವಾರದ ವಿಶ್ರಾಂತಿಗೆಂದು ಊರಿಗೆ ಬರುತ್ತಿರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ. ರಜೆ ಹಾಕಿದಾಗ ಬರುತ್ತಿದ್ದ, ಇದ್ದಷ್ಟು ದಿನ ಇದ್ದು ಹೋಗುತ್ತಿದ್ದ. 48 ಆದ ಸುದ್ದಿಯನ್ನು ಅವನೇ ಸಂತೋಷದಿಂದ ಮನೆಗೆ ಹೇಳಿದ. ಮನೆಯವರು ಅದನ್ನು ಕೇಳಿಸಿಕೊಂಡದ್ದು ಹೀಗೆ: ಇನ್ನು ವಾರಕ್ಕೆ ಎರಡು ದಿನ ಮಗನಿಗೆ ರಜೆ.

ಹಾಗೆ ಕೇಳಿಸಿಕೊಂಡದ್ದರಲ್ಲಿ ತಪ್ಪೇನೂ ಕಾಣಿಸುವುದಿಲ್ಲ. ಬ್ಯಾಂಕಿನವನಿಗೆ ಭಾನುವಾರ ಇದ್ದ ಹಾಗೆ ಇವನಿಗೆ ಇದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬ್ಯಾಂಕಿನವನು ಭಾನುವಾರ ಇಡೀ ತೋಟದಲ್ಲಿ ಅಡಿಕೆ ಹೊತ್ತು ಸೋಮವಾರ ಕೌಂಟರಿನಲ್ಲಿ ತೂಕಡಿಸಿದರೆ ಕಾನೂನು ಏನೂ ಹೇಳುವುದಿಲ್ಲ. ಪೈಲಟಿನ ವಿಶ್ರಾಂತಿ ಹಾಗಲ್ಲ. ಕಂಪೆನಿ ಅದನ್ನು ಕೊಡಲೇಬೇಕು, ಪೈಲಟ್ ಅದನ್ನು ವಿಶ್ರಾಂತಿಗಾಗಿಯೇ ಬಳಸಬೇಕು, ಆಯಾಸ ಆರದಿದ್ದರೆ ವಿಮಾನ ಹತ್ತಬಾರದು. ಎರಡೂ ಕಡೆಯವರಿಗೆ ಹೊಣೆ. ಅಂದರೆ ಆ 48 ಗಂಟೆ ಅವನ ಸ್ವಂತ ಹೊತ್ತಿನ ಹಾಗೆ ಕಂಡರೂ ಪೂರ್ತಿ ಅವನ ಸ್ವಂತದ್ದಲ್ಲ. ವೃತ್ತಿಯನ್ನು ಮನೆಯ ಹೊರಗೆ ನಿಲ್ಲಿಸಿ ಬರುತ್ತೇನೆ ಎಂದು ಹೊರಟ ಪೈಲಟ್ ಎಡವುವುದು ಇಲ್ಲೇ. ವೃತ್ತಿ ಅವನ ಹಾಸಿಗೆಯವರೆಗೂ ಬರುತ್ತದೆ, ಎಷ್ಟು ಹೊತ್ತು ಮಲಗಿದೆ ಎಂದು ಕೇಳುತ್ತದೆ.

ಜುಲೈ ತಿಂಗಳ ಮೂರು ದಿನ

ಅಡಿಕೆಯವರಿಗೆ ಜುಲೈ ಎಂದರೆ ಕೊಳೆರೋಗದ ಹೆದರಿಕೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ ಮದ್ದು ಬಿಡಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಹದ ಸರಿ ಬರಬೇಕು, ಮಳೆ ಬಿಟ್ಟ ಹೊತ್ತು ನೋಡಿ ಬಿಡಬೇಕು, ಮರ ಹತ್ತುವವನು ಸಿಗಬೇಕು. ಮೂರೂ ಒಂದೇ ದಿನ ಕೂಡಿ ಬರುವುದು ಅಪರೂಪ.

ಆ ವಾರ ಮದ್ದು ಬಿಡುವವನು ಶನಿವಾರ ಬರುತ್ತೇನೆ ಎಂದು ಒಪ್ಪಿದ. ಮಗನ ರೋಸ್ಟರ್, ಅಂದರೆ ಡ್ಯೂಟಿಯ ಪಟ್ಟಿ, ನೋಡಿದರೆ ಗುರುವಾರ ರಾತ್ರಿ 10.40ಕ್ಕೆ ಡ್ಯೂಟಿ ಮುಗಿದು ವಾರದ ವಿಶ್ರಾಂತಿ ಶುರು, ಮುಂದಿನ ರಿಪೋರ್ಟಿಂಗ್ (ಡ್ಯೂಟಿಗೆ ಹಾಜರಾಗುವುದು) ಭಾನುವಾರ ಬೆಳಗಿನ ಜಾವ 4.50ಕ್ಕೆ. ಕಾಗದದಲ್ಲಿ ನೋಡಿದರೆ 54 ಗಂಟೆ ಬಿಡುವು. "ಬಾ" ಎಂದರು ಅಪ್ಪ. ಬಂದ.

ಗುರುವಾರ ರಾತ್ರಿ ಮಲಗುವಾಗ ಹನ್ನೆರಡೂವರೆ. ಶುಕ್ರವಾರ ಬೆಳಗ್ಗೆ ನಾಲ್ಕೂವರೆಗೆ ಎದ್ದು ವಿಮಾನ ನಿಲ್ದಾಣಕ್ಕೆ ಓಡಿದ. ಸಿಬ್ಬಂದಿಯ ಟಿಕೆಟ್ ಎಂದರೆ ಸೀಟು ಉಳಿದರೆ ಮಾತ್ರ. ಮೊದಲ ವಿಮಾನ ತುಂಬಿತ್ತು, ಎರಡನೆಯದರಲ್ಲಿ ಸಿಕ್ಕಿತು. ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದು ಪಂಪ್‌ವೆಲ್, ತೊಕ್ಕೊಟ್ಟು, ತಲಪಾಡಿ, ಉಪ್ಪಳ, ಕುಂಬಳೆ, ಸೀತಾಂಗೋಳಿ ದಾಟಿ ಮನೆ ಸೇರುವಾಗ ಮಧ್ಯಾಹ್ನ ಮೂರು. ಕಣ್ಣೂರಿನಲ್ಲಿ 2018ರ ಡಿಸೆಂಬರಿನಿಂದ ವಿಮಾನ ನಿಲ್ದಾಣ ಇದ್ದರೂ ನಮ್ಮ ಕಡೆಯವರಿಗೆ ಬಜಪೆಯೇ ಹತ್ತಿರ. ಹತ್ತಿರ ಅಂದರೂ ಮಳೆಗಾಲದಲ್ಲಿ ಎರಡು ಗಂಟೆಗೆ ಕಡಿಮೆ ಇಲ್ಲ.

ಸಂಜೆ ಮಗಳ ಜತೆ ಆಟ. ರಾತ್ರಿ ಊಟವಾದ ಮೇಲೆ ತೋಟದ ಪಾಲಿನ ವಿಷಯ ಮಾತಾಡಲು ದೊಡ್ಡಪ್ಪನ ಮಗ ಬಂದ, ಎದ್ದು ಹೋಗುವಾಗ ಹನ್ನೊಂದೂವರೆ. ಶನಿವಾರ ಐದಕ್ಕೆ ಎಚ್ಚರ. ಆರೂವರೆಯಿಂದ ಹನ್ನೆರಡರ ತನಕ ಮದ್ದು ಕಲಸುವುದು, ಪೈಪು ಎಳೆಯುವುದು. ಮೂರೂವರೆಗೆ ಹೊರಟ. ಬಜಪೆಯಲ್ಲಿ ಭಾರಿ ಮಳೆ. ಬರಬೇಕಾದ ವಿಮಾನ ಮೇಲೆ ಸುತ್ತು ಹಾಕಿ ಇಳಿಯಲಾಗದೆ ಬೆಂಗಳೂರಿಗೆ ಹೋಯಿತು. ಗುಡ್ಡದ ತಲೆಯ ಮೇಲಿನ ರನ್‌ವೇ ಅದು, ಕಣ್ಣಿಗೆ ಕಾಣದೆ ಇಳಿಯುವ ಮಾತಿಲ್ಲ. ಸಂಜೆ ಏಳರ ವಿಮಾನ ಹೊರಟದ್ದು ರಾತ್ರಿ ಹನ್ನೊಂದರ ಹತ್ತಿರ. ಮುಂಬೈಯ ಕೋಣೆಯ ಬೀಗ ತೆಗೆಯುವಾಗ ಒಂದು ಗಂಟೆ ಇಪ್ಪತ್ತು ನಿಮಿಷ. ಮೂರು ಐವತ್ತಕ್ಕೆ ಕಂಪೆನಿಯ ಕಾರು ಬಾಗಿಲಿಗೆ ಬರುತ್ತದೆ.

ಅಷ್ಟು ಹೊತ್ತಿಗೆ ಅವನು ಎದ್ದು ಇಪ್ಪತ್ತು ಗಂಟೆ ಆಗಿತ್ತು. ಸತತ 17 ಗಂಟೆ ಎಚ್ಚರ ಇದ್ದವನ ಕೈ ಕಣ್ಣಿನ ಚುರುಕು ರಕ್ತದಲ್ಲಿ ಶೇ. 0.05 ಆಲ್ಕೊಹಾಲ್ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಸಂಶೋಧಕರು ಅಳೆದು ತೋರಿಸಿದ್ದಾರೆ. ಹಾರಾಟಕ್ಕೆ ಮುಂಚೆ ಉಸಿರು ಊದಿಸಿ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಸೊನ್ನೆ ಬರಬೇಕು. ನಿದ್ದೆ ಕೆಟ್ಟದ್ದನ್ನು ತೋರಿಸುವ ಯಂತ್ರ ಆ ಮೇಜಿನ ಮೇಲೆ ಇಲ್ಲ. ಅದನ್ನು ಪೈಲಟೇ ಬಾಯಿ ಬಿಟ್ಟು ಹೇಳಬೇಕು.

ಒಂದು ನಲುವತ್ತಕ್ಕೆ ಅವನು ಕಂಪೆನಿಯಲ್ಲಿ ಡ್ಯೂಟಿ ನೋಡಿಕೊಳ್ಳುವ ಕ್ರೂ ಕಂಟ್ರೋಲಿಗೆ ಫೋನ್ ಮಾಡಿ ಹಾರಾಟಕ್ಕೆ ಆಗುವುದಿಲ್ಲ ಎಂದ. ಆಚೆಯವರು ಕೇಳಿದ್ದು ಒಂದೇ: "ಸಿಕ್ ಹಾಕಲಾ, ಫಟೀಗ್ ಹಾಕಲಾ?"

ಹೊರಗಿನವರಿಗೆ ಇದು ಸಣ್ಣ ಪ್ರಶ್ನೆ ಎನ್ನಿಸಬಹುದು. ಆ ಕುರ್ಚಿಯಲ್ಲಿ ಕೂತವರಿಗೆ ಗೊತ್ತು, ಇಡೀ ಪ್ರಕರಣ ತಿರುಗುವುದು ಇದರ ಮೇಲೆ. "ಸಿಕ್" ಎಂದರೆ ಹೊಟ್ಟೆನೋವು, ಶೀತ, ಏನೋ ಒಂದು. ಒಂದು ದಿನದ ಸಿಕ್ ಲೀವ್ ಹೋಗುತ್ತದೆ, ಹೆಚ್ಚು ಕೇಳುವವರಿಲ್ಲ. "ಫಟೀಗ್", ಅಂದರೆ ಆಯಾಸ, ಎಂದರೆ ವರದಿ ಬರೆಯಬೇಕು, ಹಿಂದಿನ ದಿನಗಳ ನಿದ್ದೆಯ ಲೆಕ್ಕ ಕೊಡಬೇಕು, ಕಂಪೆನಿಯ ಸಮಿತಿ ಅದನ್ನು ನೋಡುತ್ತದೆ, ಆಯಾಸದ ವರದಿಗಳ ಒಟ್ಟು ಲೆಕ್ಕ ಮೂರು ತಿಂಗಳಿಗೊಮ್ಮೆ ಡಿಜಿಸಿಎಗೆ ಹೋಗುತ್ತದೆ. ಹಾಗಾಗಿ ಆಯಾಸವಾದ ಎಷ್ಟೋ ಪೈಲಟ್‌ಗಳು ಹೊಟ್ಟೆನೋವಿನವರಾಗುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಆದರೆ ಹಾಗೆ ಮಾಡಿದಾಗ ನಿಜವಾದ ಕಾರಣ ಯಾವ ಕಡತಕ್ಕೂ ಸೇರುವುದಿಲ್ಲ.

ಇವನು "ಫಟೀಗ್" ಎಂದ. ವರದಿಯಲ್ಲಿ ಊರಿಗೆ ಹೋದದ್ದು, ಮದ್ದು ಬಿಟ್ಟದ್ದು, ವಿಮಾನ ತಡವಾದದ್ದು ಎಲ್ಲವನ್ನೂ ಬರೆದ.

ವಾರದೊಳಗೆ ಉತ್ತರ ಬಂತು. ನಿಯಮದಂತೆ ವಿಶ್ರಾಂತಿ ಕೊಡಲಾಗಿತ್ತು, ಆಯಾಸಕ್ಕೆ ಕಾರಣ ಕಂಪೆನಿಯ ಕೆಲಸವಲ್ಲ, ವೈಯಕ್ತಿಕ. ಆ ದಿನವನ್ನು ರಜೆಗೆ ಹಿಡಿಯಲಾಗುವುದು. ಮೇಲಧಿಕಾರಿಯೊಬ್ಬರು ಕರೆಸಿ ವಿಶ್ರಾಂತಿಯಲ್ಲಿ ಕೃಷಿ ಮಾಡುವ ಹವ್ಯಾಸ ಎಷ್ಟು ದಿನದಿಂದ ಎಂದು ನಗುತ್ತಾ ಕೇಳಿದರಂತೆ. ಆ ನಗು ಬೇಕಿರಲಿಲ್ಲ. ಉತ್ತರ ಮಾತ್ರ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ, ಇದಕ್ಕೆ ಅವನ ಹೆಂಡತಿ ನನ್ನ ಮೇಲೆ ಇನ್ನೂ ಸ್ವಲ್ಪ ಮುನಿದಿದ್ದಾಳೆ. ಅವಳ ವಾದ: ಅವನು ಹಾರಿಸುತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಸತ್ಯ ಹೇಳಿದ್ದಕ್ಕೆ ರಜೆ ಕಳೆದುಕೊಂಡ. ಅವಳು ಹೇಳುವುದರಲ್ಲೂ ಹುರುಳಿದೆ. ನಿಜ ಬರೆದವನಿಗೂ ಸುಳ್ಳು ಬರೆದವನಿಗೂ ಕಳೆದುಹೋಗುವುದು ಒಂದೊಂದೇ ದಿನ, ನಿಜ ಬರೆದವನಿಗೆ ಮೇಲಿಂದ ಕುಹಕ ಬೇರೆ ಎಂದಾದರೆ ಮುಂದಿನ ಸಲ ಯಾರು ಬರೆಯುತ್ತಾರೆ?

ಅಪ್ಪನ ಮಾತು

ಮನೆಯಲ್ಲಿ ಬೇರೆಯೇ ಬಿರುಗಾಳಿ. ಡ್ಯೂಟಿ ಬಿಟ್ಟ ಸುದ್ದಿ ತಿಳಿದಾಗ ಅಪ್ಪ ಫೋನಿನಲ್ಲಿ ಹೇಳಿದ್ದನ್ನು ಮಗ ನನಗೆ ಹಾಗೇ ಒಪ್ಪಿಸಿದ: "ಅರ್ಧ ದಿನ ತೋಟಕ್ಕೆ ಇಳುದ್ದಕ್ಕೆ ನಿನಗೆ ವಿಮಾನ ಬಿಡ್ಲೆ ಎಡಿತ್ತಿಲ್ಲೆಯಾ (ಆಗುವುದಿಲ್ಲವಾ)? ಆನು ಜ್ವರ ಇಪ್ಪಗಳೂ ಅಡಕ್ಕೆ ಕೊಯ್ಶಿದ್ದೆ."

ಸೊಸೆ ಮಧ್ಯೆ ಬಾಯಿ ಹಾಕಿದಳು: "ಮಾವ, ಅದು ರಜೆ ಅಲ್ಲ. ಅವಕ್ಕೆ ಒರಗುಲೆ (ಮಲಗಲು) ಕೊಟ್ಟ ಹೊತ್ತು."

ಎರಡು ದಿನ ಮಾವ ಸೊಸೆಗೆ ಮಾತಿರಲಿಲ್ಲ.

ಮೂರನೆಯ ದಿನ ಆಕೆ ಬಜಪೆಯ ದುರಂತದ ವಿಷಯ ತೆಗೆದಳು. 2010ರ ಮೇ 22ರ ಬೆಳಗ್ಗೆ ಆರರ ಸುಮಾರಿಗೆ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಕಾಸರಗೋಡು ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆ ದಿನ ಗಲ್ಫಿನಿಂದ ಬರುವವರಿಗೆ ಅಡುಗೆ ಆಗಿತ್ತು. ಮಾವನ ಪರಿಚಯದ ಒಬ್ಬರ ಮನೆಯೂ ಅದರಲ್ಲಿತ್ತು. ತನಿಖೆಯ ವರದಿಯಲ್ಲಿ ಕ್ಯಾಪ್ಟನ್ ದಾರಿಯುದ್ದಕ್ಕೂ ಬಹಳ ಹೊತ್ತು ನಿದ್ದೆ ಮಾಡಿದ್ದು, ಎದ್ದ ಮೇಲೂ ನಿದ್ದೆಯ ಮಂಪರು ಬಿಡದೆ ತೀರ್ಮಾನ ತಪ್ಪಿದ್ದಿರಬಹುದು ಎಂದಿತ್ತು. ಲೆಕ್ಕ ನೋಡಿದರೆ ಇದೂ ಅದೂ ಒಂದೇ ಅಲ್ಲ. ಅಲ್ಲಿ ಕಾಕ್‌ಪಿಟ್ಟಿನಲ್ಲೇ ಮಾಡಿದ ನಿದ್ದೆ, ಇಲ್ಲಿ ಮಾಡದ ನಿದ್ದೆ. ಆದರೆ ನಡುರಾತ್ರಿ ಎರಡರಿಂದ ಬೆಳಗ್ಗೆ ಆರರ ತನಕ ಮನುಷ್ಯನ ಮೈ ಅತಿ ಮಂದವಾಗಿರುತ್ತದೆ ಎಂದು ನಿಯಮಗಳೇ ಒಪ್ಪಿ ಆ ಹೊತ್ತಿಗೆ ಬೇರೆ ಲೆಕ್ಕ ಇಟ್ಟಿವೆ. ಇವನ ಭಾನುವಾರದ ರಿಪೋರ್ಟಿಂಗ್ ಇದ್ದದ್ದು ಆ ಹೊತ್ತಿನ ಒಳಗೇ.

ಮಾವ ಒಪ್ಪಿದರೋ ಗೊತ್ತಿಲ್ಲ, ಜಗಳ ನಿಲ್ಲಿಸಿದರು. ಆಮೇಲೆ ನಾನು ಅವರೊಂದಿಗೆ ಕೂತು ಮಾತಾಡಿದಾಗ ಹೊರಬಂದದ್ದು ಬೇರೆ ಸಂಗತಿ. ಮದ್ದು ಬಿಡಿಸಲು ಗುತ್ತಿಗೆಗೆ ಜನ ಸಿಗುತ್ತಾರೆ, ದುಡ್ಡಿಗೂ ಕೊರತೆ ಇಲ್ಲ, ಅದು ಅವರಿಗೂ ಗೊತ್ತು. ಮಗ ಬಂದರೆ ನೆಂಟನ ಹಾಗೆ ಬಂದು ನೆಂಟನ ಹಾಗೆ ಹೋಗುತ್ತಾನೆ, ಚಾವಡಿಯಲ್ಲಿ ಕೂತು ಕಾಫಿ ಕುಡಿದು ಬ್ಯಾಗು ಹೆಗಲಿಗೆ ಹಾಕುತ್ತಾನೆ, ತೋಟದ ಯಾವ ಮರ ಸತ್ತಿದೆ ಎಂದು ಅವನಿಗೆ ಗೊತ್ತಿಲ್ಲ. ಪೈಪು ಹಿಡಿಸಿದ್ದು ಅದಕ್ಕೆ. ಈ ಸಂಕಟಕ್ಕೆ ನಿಯಮದ ಪುಸ್ತಕದಲ್ಲಿ ಉತ್ತರ ಹುಡುಕಬಾರದು. ನಿದ್ದೆಯ ವಿಜ್ಞಾನ ಹೇಳಿ ಅಪ್ಪನ ಬಾಯಿ ಮುಚ್ಚಿಸಬಹುದು, ಅಷ್ಟೇ.

ಏನು ಬದಲಾಯಿಸಿದರು

ದೊಡ್ಡ ಬದಲಾವಣೆ ಒಂದೇ. ಬರೀ ವಾರದ ವಿಶ್ರಾಂತಿಗೆ ಊರಿಗೆ ಬರುವುದಿಲ್ಲ. ಬರುವುದಾದರೆ ಒಂದೆರಡು ದಿನ ರಜೆ ಸೇರಿಸಿಯೇ, ಮತ್ತು ಡ್ಯೂಟಿಯ ಹಿಂದಿನ ರಾತ್ರಿ ಮುಂಬೈಯಲ್ಲೇ ಮಲಗುವುದು. ಇದರಿಂದ ಬರುವ ಸಲ ಕಡಿಮೆಯಾಯಿತು, ಬಂದಾಗ ಇರುವ ದಿನ ಹೆಚ್ಚಾಯಿತು. ಮದ್ದು ಗುತ್ತಿಗೆಗೆ ಹೋಯಿತು. ಬದಲಿಗೆ ಅಡಿಕೆ ಕೊಯ್ಲಿನ ಸಮಯಕ್ಕೆ ಉದ್ದದ ರಜೆ ಮುಂಚೆಯೇ ಬೇಡಿಕೊಂಡು ಅಪ್ಪನ ಜತೆ ತೋಟ ಸುತ್ತುತ್ತಾನೆ. ಕೊಯ್ಲಿನ ತಾರೀಕು ಒಂದು ವಾರ ಆಚೀಚೆ ಆದರೆ ನಡೆಯುತ್ತದೆ, ಮಳೆಯ ನಡುವಿನ ಮದ್ದಿಗೆ ಆ ಸಡಿಲ ಇಲ್ಲ. ರೋಸ್ಟರಿಗೆ ಹೊಂದುವ ಮನೆಗೆಲಸ ಯಾವುದು, ಹೊಂದದ್ದು ಯಾವುದು ಎಂದು ಬೇರ್ಪಡಿಸಿದ್ದು ಸೊಸೆ. ಪಂಚಾಂಗವನ್ನೂ ರೋಸ್ಟರನ್ನೂ ಅಕ್ಕಪಕ್ಕ ಇಟ್ಟು ನೋಡುವವಳು ಅವಳೇ. ಶ್ರಾದ್ಧದ ತಿಥಿ ಆಚೀಚೆ ಆಗುವುದಿಲ್ಲ, ಅದಕ್ಕೆ ರಜೆ ಮೊದಲು. ಭೂತದ ಕೋಲಕ್ಕೆ ಬರಲಾಗದಿದ್ದರೆ ಅಪ್ಪ ಸಾಕು.

ಇಲ್ಲೊಂದು ಮಾತು ಹೇಳಬೇಕು. 2025ರ ಡಿಸೆಂಬರ್ ಮೊದಲ ವಾರ ದೇಶದ ಅತಿ ದೊಡ್ಡ ವಿಮಾನ ಕಂಪೆನಿಯ ಹಾರಾಟಗಳು ರಾಶಿ ರಾಶಿಯಾಗಿ ರದ್ದಾದದ್ದು ನೆನಪಿರಬಹುದು. ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದೆ ಹೋದದ್ದು ಅದರ ಒಂದು ಮುಖ್ಯ ಕಾರಣ. ವಾರದ ವಿಶ್ರಾಂತಿಯ ಜಾಗದಲ್ಲಿ ರಜೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದಿದ್ದ ಸೂಚನೆಯನ್ನು ಡಿಜಿಸಿಎ ಡಿಸೆಂಬರ್ 5ರಂದು ಹಿಂದಕ್ಕೆ ತೆಗೆದುಕೊಂಡಿತು. ಅಂದರೆ ಪೈಲಟ್ ತನ್ನ ರಜೆಯಲ್ಲಿ ಮನೆಯಲ್ಲಿದ್ದರೆ ಅದನ್ನೇ ವಿಶ್ರಾಂತಿ ಎಂದು ಕಂಪೆನಿ ಎಣಿಸಬಹುದು ಎಂದಾಯಿತು. ಜುಲೈಯಲ್ಲಿ ಬದಿಯಡ್ಕದ ಮನೆ ವಿಶ್ರಾಂತಿಯನ್ನು ರಜೆ ಎಂದುಕೊಂಡಿತ್ತು, ಡಿಸೆಂಬರಿನಲ್ಲಿ ಕಂಪೆನಿಗಳಿಗೆ ರಜೆಯನ್ನು ವಿಶ್ರಾಂತಿ ಎನ್ನುವ ದಾರಿ ಸಿಕ್ಕಿತು. ಸುದ್ದಿ ಓದಿದ ಮಾವ ನನಗೆ ಫೋನ್ ಮಾಡಿ, ಹಾಗಾದರೆ ಬೈಸಿಕೊಂಡವನು ನಾನೊಬ್ಬನೇ ಯಾಕೆ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಾವಿನ ಸುದ್ದಿ ಯಾವಾಗ ಹೇಳುವುದು

ಇನ್ನೊಂದು ವಿಷಯ ಅಕ್ಟೋಬರಿನಲ್ಲಿ ಎದ್ದಿತು. ನನ್ನ ಮಟ್ಟಿಗೆ ಜುಲೈಯದ್ದಕ್ಕಿಂತ ಇದು ಕಷ್ಟದ್ದು.

ದೊಡ್ಡಪ್ಪ ತೀರಿಕೊಂಡರು, ಬೆಳಗ್ಗೆ ಒಂಬತ್ತಕ್ಕೆ. ಮಗ ಆ ದಿನ ಮೂರು ಸೆಕ್ಟರಿನ, ಅಂದರೆ ಮೂರು ಹಾರಾಟಗಳ, ಡ್ಯೂಟಿಯಲ್ಲಿ. ಹೆಂಡತಿ ಯೋಚಿಸಿ, ಸಂಜೆ ಕೊನೆಯ ವಿಮಾನ ಇಳಿಸಿದ ಮೇಲೆ ಹೇಳೋಣ ಎಂದು ಮನೆಯವರನ್ನು ಒಪ್ಪಿಸಿದಳು. ಆದರೆ ಕುಟುಂಬದ ವಾಟ್ಸಾಪ್ ಗುಂಪನ್ನು ಒಪ್ಪಿಸುವವರು ಯಾರು? ಎರಡನೆಯ ಸೆಕ್ಟರ್ ಮುಗಿದು ಪ್ರಯಾಣಿಕರು ಇಳಿಯುವಾಗ ಅವನು ಫೋನ್ ಆನ್ ಮಾಡಿದ. "ಓಂ ಶಾಂತಿ" ಸಾಲುಗಟ್ಟಿ ಬಂದಿತ್ತು. ಯಾರು ಹೋದದ್ದು ಎಂದು ತಿಳಿಯಲು ಮೇಲಕ್ಕೆ ಹೋಗಬೇಕಾಯಿತು. ಆ ಅರ್ಧ ನಿಮಿಷ ಅಪ್ಪನೇ ಎಂದುಕೊಂಡೆ ಎಂದ.

ಮುಂದಿನ ಹಾರಾಟಕ್ಕೆ ಮುಕ್ಕಾಲು ಗಂಟೆಯೂ ಇರಲಿಲ್ಲ. ಅವನು ಕ್ಯಾಪ್ಟನ್‌ಗೆ ಹೇಳಿದ. ಹಿರಿಯರಾದ ಅವರು ನಾಲ್ಕು ಪ್ರಶ್ನೆ ಕೇಳಿದರು, ನೀರು ಕುಡಿಸಿದರು, ಆಗುತ್ತದಾ ಎಂದು ನೇರವಾಗಿ ಕೇಳಿದರು. ಆಗುತ್ತದೆ ಎಂದ. ಆ ಸೆಕ್ಟರನ್ನು ಹಾರಿಸಬೇಕಿದ್ದವನು ಇವನು; ಕ್ಯಾಪ್ಟನ್ ತಾವೇ ಹಾರಿಸುವುದಾಗಿ ಹೇಳಿ ಇವನನ್ನು ರೇಡಿಯೋ, ಚೆಕ್‌ಲಿಸ್ಟ್ ನೋಡುವ ಪೈಲಟ್ ಮಾನಿಟರಿಂಗ್ ಕೆಲಸಕ್ಕೆ ಹಾಕಿದರು. ಹತ್ತು ಸಾವಿರ ಅಡಿಗಿಂತ ಕೆಳಗೆ ಕಾಕ್‌ಪಿಟ್ಟಿನಲ್ಲಿ ಹಾರಾಟಕ್ಕೆ ಸಂಬಂಧಿಸದ ಮಾತು ಆಡಬಾರದೆಂಬ ಶಿಸ್ತಿದೆ. ಮೇಲೆ ಹೋದ ಮೇಲೆ ಕ್ಯಾಪ್ಟನ್ ದೊಡ್ಡಪ್ಪನ ಬಗ್ಗೆ ಕೇಳಿದರಂತೆ, ಇವನು ಹೇಳಿದನಂತೆ.

ಬದಲಿ ಪೈಲಟ್ ಕೇಳಬೇಕಿತ್ತೇ? ಅದು ಸಣ್ಣ ನಿಲ್ದಾಣ, ಅಲ್ಲಿ ಬದಲಿಯವರು ಇರುವುದಿಲ್ಲ. ಕೇಳಿದ್ದರೆ ಪ್ರಯಾಣಿಕರು ಗಂಟೆಗಟ್ಟಲೆ ಕಾಯಬೇಕಿತ್ತು. ಆದರೂ ಅದು ಅಪ್ಪನಾಗಿದ್ದರೆ ಅವನು ಹತ್ತಬಾರದಿತ್ತು, ಎಷ್ಟು ಹೊತ್ತಾದರೂ. ಹತ್ತಿರದ ಸಾವು, ಮನೆಯಲ್ಲಿ ದೊಡ್ಡ ಜಗಳ, ಮಗುವಿನ ಕಾಯಿಲೆ, ಇವು ಬಂದಾಗ ತಾನು ಹಾರಲು ತಕ್ಕವನೇ ಎಂದು ತನ್ನನ್ನೇ ಕೇಳಿಕೊಳ್ಳಬೇಕೆಂದು ಪೈಲಟ್‌ಗಳಿಗೆ ತರಬೇತಿಯ ಮೊದಲ ತಿಂಗಳುಗಳಲ್ಲೇ ಹೇಳಿಕೊಡುತ್ತಾರೆ. ಕಾಯಿಲೆ, ಔಷಧಿ, ಒತ್ತಡ, ಮದ್ಯ, ಆಯಾಸ, ಮನಸ್ಸಿನ ಕಲಕು, ಎಲ್ಲವೂ ಆ ಪಟ್ಟಿಯಲ್ಲಿವೆ. ಮನೆಯನ್ನು ಮರೆತು ಕಾಕ್‌ಪಿಟ್ಟಿಗೆ ಬಾ ಎಂದು ಆ ಪಟ್ಟಿ ಹೇಳುವುದಿಲ್ಲ. ಮನೆ ನಿನ್ನ ಜತೆ ಎಷ್ಟು ಬಂದಿದೆ ಎಂದು ನೋಡಿಕೊಂಡು ಬಾ ಎನ್ನುತ್ತದೆ.

ಅಕ್ಟೋಬರಿನ ನಂತರ ಮನೆಯವರು ಮಾಡಿಕೊಂಡ ಕಟ್ಟುಪಾಡು ಹೀಗಿದೆ. ಡ್ಯೂಟಿಯ ದಿನ ಅವನು ಕುಟುಂಬದ ಗುಂಪನ್ನು ತೆರೆಯುವುದಿಲ್ಲ. ಸುದ್ದಿ ಹೇಳುವವಳು ಹೆಂಡತಿ ಒಬ್ಬಳೇ. ರಿಪೋರ್ಟಿಂಗ್‌ಗೆ ಮೊದಲು ಏನೇ ಆದರೂ, ಎಷ್ಟೇ ಕೆಟ್ಟದಾದರೂ, ಮುಚ್ಚಿಡದೆ ಹೇಳಬೇಕು. ಹೇಳಿದರೆ ಡ್ಯೂಟಿ ತಪ್ಪೀತು ಎಂಬ ಕರುಣೆ ಬೇಡ. ರಿಪೋರ್ಟಿಂಗ್ ಆದ ಮೇಲಿನದ್ದಾದರೆ ದಿನದ ಕೊನೆಯ ವಿಮಾನ ನಿಲ್ಲಿಸಿದ ಮೇಲೆ. ಒಂದು ಬಗೆಯ ಸುದ್ದಿ ಮಾತ್ರ ಇದಕ್ಕೆ ಹೊರತು: ಅಪ್ಪ, ಅಮ್ಮ, ಮಗಳು. ಹಾಗೇನಾದರೂ ಆದರೆ ಆಕೆ ಕಂಪೆನಿಗೆ ನೇರ ಫೋನ್ ಮಾಡಿ, ಇನ್ನೊಂದು ಸೆಕ್ಟರ್ ಹತ್ತುವ ಮುಂಚೆ ಅವರ ಮೂಲಕ ತಿಳಿಸಬೇಕು. ಕ್ರೂ ಕಂಟ್ರೋಲಿನ ನಂಬರ್ ಈಗ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿದೆ. ನಾನು ಕೆಲಸದಲ್ಲಿದ್ದಾಗ ಮನೆಯಿಂದ ಅಂಥ ಫೋನ್ ಬಂದದ್ದು ತೀರಾ ಕಡಿಮೆ. ಹೆಚ್ಚಿನ ಮನೆಯವರಿಗೆ ಕಂಪೆನಿಗೆ ಫೋನ್ ಮಾಡಬಹುದು ಎಂಬುದೇ ಗೊತ್ತಿರುವುದಿಲ್ಲ.

ಅರಿಷ್ಟ, ಪಾರ್ಸೆಲ್, ಫ್ಲೆಕ್ಸ್

ಉಳಿದವು ಸಣ್ಣವು, ಆದರೆ ಲೈಸೆನ್ಸಿಗೆ ಕುತ್ತು ತರುವಂಥವೂ ಅದರಲ್ಲಿವೆ.

ಮೈಕೈ ನೋವು ಎಂದರೆ ಅಮ್ಮ ದಶಮೂಲಾರಿಷ್ಟದ ಬಾಟಲಿ ತೆಗೆಯುತ್ತಾರೆ. "ಒಂದು ಚಮಚ ಕುಡುದರೆ ಎಂತ ಅಕ್ಕು ಮಗಾ?" ಎಂಬ ಅವರ ಪ್ರಶ್ನೆಗೆ ಉತ್ತರ ಗಂಭೀರವಾದದ್ದು. ಅರಿಷ್ಟಗಳಲ್ಲಿ ಹುದುಗಿ ತಾನಾಗಿ ಹುಟ್ಟಿದ ಆಲ್ಕೊಹಾಲ್ ಇದ್ದೇ ಇರುತ್ತದೆ. ಹಾರಾಟಕ್ಕೆ 12 ಗಂಟೆ ಮೊದಲು ಮದ್ಯ ಸೇರಬಾರದು, ಊದುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಲೈಸೆನ್ಸ್ ಮೂರು ತಿಂಗಳು ಅಮಾನತು, ಎರಡನೆಯ ಸಲಕ್ಕೆ ಮೂರು ವರ್ಷ. ಯಂತ್ರಕ್ಕೆ ಅರಿಷ್ಟವೂ ಒಂದೇ, ಸಾರಾಯಿಯೂ ಒಂದೇ. ಅಮ್ಮ ಈಗ ಎಣ್ಣೆ ತಿಕ್ಕುತ್ತಾರೆ.

ಪಾರ್ಸೆಲ್ಲಿನದ್ದು ನಮ್ಮ ಜಿಲ್ಲೆಗೇ ಅಂಟಿದ ತೊಂದರೆ. ಮನೆಗೊಬ್ಬರು ಗಲ್ಫಿನಲ್ಲಿರುವ ಊರು. ಇವನಿಗೆ ದುಬೈ, ಮಸ್ಕತ್ ಹಾರಾಟ ಇದೆ ಎಂದು ತಿಳಿದ ಮೇಲೆ "ಒಂದು ಸಣ್ಣ ಪೊಟ್ಟಣ ಮಾತ್ರ" ಎಂದು ಕೇಳುವವರು ಶುರುವಾದರು. ಹೆಚ್ಚಿನವರು ಪಾಪದವರೇ, ಮಗುವಿಗೆ ಬಟ್ಟೆ, ಅಪ್ಪನಿಗೆ ಮುಲಾಮು. ಆದರೆ ಒಳಗೇನಿದೆ ಎಂದು ಬಿಚ್ಚಿ ನೋಡುವುದು ಹೇಗೆ, ನೋಡದೆ ತರುವುದು ಹೇಗೆ? ಚಿನ್ನದ ಕಳ್ಳಸಾಗಣೆಯ ಸುದ್ದಿ ಇಲ್ಲದ ವಾರ ಇಲ್ಲಿನ ಪತ್ರಿಕೆಗಳಿಗಿಲ್ಲ. ಜತೆಗೆ ವಿಮಾನ ಸಿಬ್ಬಂದಿಗೆ ಪ್ರಯಾಣಿಕರಷ್ಟು ಸಾಮಾನು ತರುವ ಅನುಮತಿಯೂ ಇಲ್ಲ. 2016ರ ಬ್ಯಾಗೇಜ್ ನಿಯಮಗಳಲ್ಲಿ ಚಾಕಲೇಟ್, ಚೀಸ್‌ನಂಥ ಸಣ್ಣಪುಟ್ಟ ವಸ್ತುಗಳಿಗೆ ಸಿಬ್ಬಂದಿಗೆ ಇಟ್ಟಿದ್ದ ಮಿತಿ 1,500 ರೂಪಾಯಿ. ಯಾರಿಗೂ ಏನೂ ತರುವುದಿಲ್ಲ ಎಂದು ತೀರ್ಮಾನಿಸಿದರು. ಒಬ್ಬರಿಗೆ ತಂದು ಇನ್ನೊಬ್ಬರಿಗೆ ಇಲ್ಲ ಎಂದರೆ ಊರಲ್ಲಿ ಬಾಳುವುದು ಕಷ್ಟ. ಇಲ್ಲ ಎಂದು ಹೇಳುವ ಕೆಲಸವೂ ಸೊಸೆಗೇ ಬಂತು. ಅವನ ವೃತ್ತಿಗೂ ಮನೆಗೂ ನಡುವೆ ಬೇಲಿ ಹಾಕುವುದು, ಕಾಯುವುದು, ಮುರಿದಲ್ಲಿ ಕಟ್ಟುವುದು ಎಲ್ಲ ಅವಳೇ ಮಾಡುತ್ತಿದ್ದಾಳೆ. ಅವಳಿಗೆ ಶಾಲೆ ಇದೆ, ಅವಳಿಗೆ ವಾರಕ್ಕೆ 48 ಗಂಟೆ ಯಾರೂ ಬರೆದುಕೊಟ್ಟಿಲ್ಲ. ಇದನ್ನು ನಾನು ಅವನಿಗೆ ಹೇಳಿದ್ದೇನೆ. ತಲೆ ಆಡಿಸಿದ.

ಭಜನಾ ಮಂದಿರದವರು ಸನ್ಮಾನಕ್ಕೆ ಯೂನಿಫಾರ್ಮಿನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದ್ದನ್ನು ಅವನು ಬೇಡವೆಂದು ತೆಗೆಸಿದ. ಕಂಪೆನಿಯ ಗುರುತು ಹಾಗೆ ಬಳಸುವಂತಿಲ್ಲ. ಪಂಚೆ ಶಲ್ಯದಲ್ಲಿ ಬಂದು ಸನ್ಮಾನ ತೆಗೆದುಕೊಂಡ. ಅಪ್ಪನಿಗೆ ಸ್ವಲ್ಪ ಬೇಸರವಾಯಿತು.

ಈಗ ಎಲ್ಲಿಗೆ ಬಂದಿದೆ

1500 ಗಂಟೆ ಹಾರಾಟ ಮುಗಿಸಿ, ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್ ಕೈಗೆ ಬಂದಿದೆ, ಕ್ಯಾಪ್ಟನ್ ಹುದ್ದೆಯ ತರಬೇತಿಗೆ ಸರದಿಯಲ್ಲಿದ್ದಾನೆ. ಊರಿಗೆ ಹತ್ತಿರದ ಬೇಸ್ ಇರುವ ಬೇರೆ ಕಂಪೆನಿಗೆ ಹೋಗುವುದಾದರೆ ಅದಕ್ಕೆ ಮೊದಲೇ ಹೋಗಬೇಕು. ಕೆಲಸ ಬಿಡಲು ಫಸ್ಟ್ ಆಫೀಸರ್ ಆರು ತಿಂಗಳು ಮೊದಲು ನೋಟಿಸ್ ಕೊಟ್ಟರೆ ಸಾಕು, ಕ್ಯಾಪ್ಟನ್ ಆದ ಮೇಲೆ ಒಂದು ವರ್ಷ. ಹೋದರೆ ಹಿರಿತನ ಹೋಗುತ್ತದೆ, ಸರದಿಯ ಕೊನೆಯಲ್ಲಿ ನಿಲ್ಲಬೇಕು. ತರಬೇತಿ ಮುಗಿಸಿಯೇ ನೋಡೋಣ ಎಂಬುದು ಅವನ ಲೆಕ್ಕ. ಅಪ್ಪನ ಮೊಣಕಾಲು ಅಷ್ಟು ದಿನ ಕಾಯುತ್ತದೆಯೇ ಎಂಬುದು ಹೆಂಡತಿಯ ಪ್ರಶ್ನೆ. ಜುಲೈಗಿಂತ ಈಗ ಅವರಿಬ್ಬರೂ ಕಡಿಮೆ ಜಗಳವಾಡುತ್ತಾರೆ, ಆದರೆ ಈ ವಿಷಯ ಬಂದಾಗ ಮಾತು ಬೇಗ ನಿಲ್ಲುತ್ತದೆ.

ಈಗಿನ ಕಂಪೆನಿಯಲ್ಲೇ ಬೆಂಗಳೂರು ಬೇಸ್ ಕೇಳಿ ಅರ್ಜಿ ಹಾಕಿದ್ದಾನೆ, ಉತ್ತರ ಬಂದಿಲ್ಲ. ಸಿಕ್ಕಿದರೆ ಸೀಟಿಗಾಗಿ ವಿಮಾನದ ಬಾಗಿಲಲ್ಲಿ ಕಾಯುವುದು ತಪ್ಪುತ್ತದೆ, ಸಂಜೆ ಬಸ್ಸು ಹತ್ತಿದರೆ ಬೆಳಗ್ಗೆ ಊರು. ಆ ರಾತ್ರಿ ಬಸ್ಸಿನಲ್ಲಿ ಮಾಡುವ ನಿದ್ದೆಯನ್ನು ವಿಶ್ರಾಂತಿಯ ಲೆಕ್ಕಕ್ಕೆ ಹಿಡಿಯಬಹುದು ಎನ್ನುತ್ತಾನೆ ಅವನು. ಆಗುವುದಿಲ್ಲ ಎನ್ನುತ್ತಾಳೆ ಅವಳು. ನನ್ನನ್ನು ಕೇಳಿದರು. ಶಿರಾಡಿ ಘಾಟಿಯ ತಿರುವುಗಳನ್ನು ಮಲಗಿಕೊಂಡು ದಾಟಿದವನಾಗಿ ನಾನು ಅವಳ ಪಕ್ಷ.